ಹನ್ನೆರಡು ಗ್ಲಾಸು ನೀರು

ಸ್ಕ್ಯಾನ್ ಕೋಣೆಯಿಂದ ಹೊರಬಂದ ನರ್ಸ್ ರಂಜನಾಳ ಕೈಗೆ ಒಂದು ಕಾಗದ ಕೊಟ್ಟಳು. ಅದರಲ್ಲಿ ಹನ್ನೆರಡು ಚೌಕಗಳಿದ್ದವು.

“ಅಜ್ಜಿಯವರ ಮೈಯಾಗ ಈಗ ಬಣ್ಣದ ಔಷಧ ಹೋಗೇತ್ರಿ. ಕಿಡ್ನಿ ಅದನ್ನ ಹೊರಗ ಹಾಕಬೇಕಂದ್ರ ನೀರು ಬೇಕು. ಮಲಗೂದರೊಳಗ ಹನ್ನೆರಡು ಗ್ಲಾಸ ಕುಡಿಸ್ರಿ. ಒಂದೊಂದು ಗ್ಲಾಸಿಗೆ ಒಂದೊಂದು ಚೌಕಕ್ಕ ಗುರ್ತ ಹಾಕ್ರಿ. ನಾಳೆ ಭರ್ತಿ ಆಗಾಕ ಬರೂಮುಂದ ಕಾಗದ ತರ್ರಿ. ಇರೂದು ಒಂದಽ ಕಿಡ್ನಿ, ನೆಪ್ಪಿಟ್ಕೋರಿ.”

“ಹೂಂನ್ರಿ,” ಎಂದಳು ರಂಜನಾ. ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ ಅತ್ತೆ ಸಾವಿತ್ರೀಬಾಯಿ ಸೆರಗು ಸರಿಮಾಡಿಕೊಂಡರು. ಅಂದು ಏಕಾದಶಿ.

ವಿಜಯಪುರ ಜಿಲ್ಲೆಯ ಇಂಡಿ ಊರಿನಲ್ಲಿ ಅವರ ಓಣಿಗೆಲ್ಲ ಗೊತ್ತಿದ್ದ ಸಂಗತಿ ಅದು. ಸಾವಿತ್ರೀಬಾಯಿಯ ಏಕಾದಶಿಗೆ ಅನ್ನವೂ ಇಲ್ಲ, ಹಣ್ಣೂ ಇಲ್ಲ, ನೀರೂ ಇಲ್ಲ. ದಶಮಿಯ ಸಂಜೆ ಮುಚ್ಚಿದ ಬಾಯಿ ತೆರೆಯುವುದು ದ್ವಾದಶಿಯ ಬೆಳಿಗ್ಗೆ ಪಾರಣೆಗೇ. ಹದಿನೆಂಟಕ್ಕೆ ಮದುವೆಯಾಗಿ ಬಂದ ವರ್ಷ ಹಿಡಿದದ್ದು, ಈಗ ವಯಸ್ಸು ಅರವತ್ತೊಂಬತ್ತು. ನಡುವೆ ಗಂಡ ತೀರಿಹೋದರು, ಬಿಸಿಲು ಬೆಂಕಿ ಉಗುಳುವ ಎಷ್ಟೋ ಮೇ ತಿಂಗಳು ಬಂದುಹೋದವು. ಅವರ ನೇಮ ಮಾತ್ರ ಅಲುಗಿರಲಿಲ್ಲ. ಮಗ ಧೀರೇಂದ್ರ ಹೈಸ್ಕೂಲಿನಲ್ಲಿ ಮಾಸ್ತರ. ಅವನೂ ಉಪವಾಸ ಮಾಡುವವನೇ, ಆದರೆ ಅವನದು ಸಾಬೂದಾಣಿ ಖಿಚಡಿ, ಹುರಿದ ಶೇಂಗಾ, ಎರಡು ಸಲ ಚಹಾದ ಉಪವಾಸ. “ನಿಂದು ಉಪವಾಸ ಅಲ್ಲೋ ಧೀರೂ, ಬರೇ ಅಡಗಿ ಬದಲಿ,” ಎಂದು ಸಾವಿತ್ರೀಬಾಯಿ ನಗುತ್ತಿದ್ದರು.

ಇಪ್ಪತ್ತು ವರ್ಷಗಳ ಹಿಂದೆ ಅವರ ಎಡಗಡೆಯ ಮೂತ್ರಪಿಂಡದಲ್ಲಿ ಹರಳಾಗಿತ್ತು. ನೋವು ಬಂದಾಗ ನೆಗ್ಗಿಲುಮುಳ್ಳಿನ ಕಷಾಯ ಕುಡಿದು, ಹೋದಾಗ ಮರೆತು, ಕಡೆಗೆ ಅದು ಒಣಗಿದ ಅಂಜೂರದ ಹಾಗೆ ಮುದುರಿಕೊಂಡಿತು. ಉಳಿದ ಬಲಗಡೆಯದು ಎರಡರ ಕೆಲಸವನ್ನೂ ತಾನೇ ಮಾಡಿಕೊಂಡು ಬಂದಿತ್ತು. ಈ ವರ್ಷ ದೀಪಾವಳಿಯ ಮುಂದೆ ಮೂತ್ರದಲ್ಲಿ ರಕ್ತ ಕಾಣಿಸಿತು. ವಿಜಯಪುರದಲ್ಲಿ ತೋರಿಸಿದಾಗ, ಇದ್ದೊಂದು ಮೂತ್ರಪಿಂಡದ ಕೆಳತುದಿಗೆ ಲಿಂಬಿಹಣ್ಣಿನಷ್ಟು ಗಡ್ಡೆ ಬೆಳೆದಿದೆ, ಕ್ಯಾನ್ಸರ್ ಇರಬಹುದು ಎಂದರು. ಅಲ್ಲಿಂದ ಬೆಳಗಾವಿಯ ದೊಡ್ಡ ಆಸ್ಪತ್ರೆಯೊಂದಕ್ಕೆ ಬಂದರು.

ಅಲ್ಲಿ ಕಂಡ ಡಾಕ್ಟರ್ ಸುಧೀರ ತಮ್ಮದೇ ಜಿಲ್ಲೆಯ ಮುದ್ದೇಬಿಹಾಳ ಕಡೆಯವರು. ಮಾತು ಕೇಳಿಯೇ ಸಾವಿತ್ರೀಬಾಯಿಗೆ ಅರ್ಧ ಧೈರ್ಯ ಬಂದಿತ್ತು.

“ಎರಡೂ ಕಿಡ್ನಿ ಛಲೋ ಇದ್ದವರಿಗಾದ್ರ ಒಂದನ್ನ ಪೂರ್ತಿ ತಗದುಬಿಡ್ತೇವ್ರಿ,” ಎಂದು ಅವರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದ್ದರು. “ನಿಮಗ ಹಂಗ ಬರೂದಿಲ್ಲ. ಗಡ್ಡಿ ಅಷ್ಟಽ ಕೊಯ್ದು ತಗದು, ಉಳದದ್ದನ್ನ ಹೊಲೀಬೇಕು. ಕೊಯ್ಯೂಮುಂದ ರಗತದ ನಳಿಗಿಗೆ ಚಿಮುಟ ಹಾಕಿ ಹಿಡೀತೇವಿ. ಇಪ್ಪತ್ತೈದು ನಿಮಿಷದಾಗ ಬಿಡಬೇಕು, ಇಲ್ಲಂದ್ರ ಕಿಡ್ನಿ ಉಳಿಯೂದಿಲ್ಲ. ಅದಕ್ಕಽ ರೋಬೋಟ ಬೇಕಾಗೂದು.”

“ಅಂದ್ರ ನೀವು ಮಾಡೂದಿಲ್ಲೇನು?”

“ನಾನಽ ಮಾಡಾಂವ್ರಿ. ಅಲ್ಲೇ ಮೂಲ್ಯಾಗ ಕುಂತು ಒಳಗಿಂದು ನೋಡ್ತಿರತೇನಿ. ನನ್ನ ಬೆರಳು ಹೊಳ್ಳಿದಂಗ ಅದರ ಕೈ ಹೊಳ್ಳತಾವ. ನಾಕು ಕೈ ಅದಾವು. ನನ್ನ ಕೈ ನಡುಗಿದ್ರೂ ಅವು ನಡಗೂದಿಲ್ಲ.”

“ನಾಕು ಕೈ ಇದ್ದಾಂವ ಅಂದ್ರ ನಮ್ಮಾಂವನಽ ಆದ,” ಎಂದಿದ್ದರು ಸಾವಿತ್ರೀಬಾಯಿ. “ಮಾಡ್ರಿ.”

ಡಾಕ್ಟರು ನಕ್ಕು ಮೂರು ದಿನಾಂಕ ಹೇಳಿದರು. ಧೀರೇಂದ್ರ ಮೊಬೈಲಿನಲ್ಲಿ ಪಂಚಾಂಗ ತೆಗೆದು ನೋಡಿದ. ಆಪರೇಶನ್ ಏಕಾದಶಿಯ ದಿನ ಬರಬಾರದು, ಆಯಿಗೆ, ತನ್ನ ತಾಯಿಗೆ, ಅಂದು ಔಷಧ ಗುಳಿಗೆ ಅಂದರೆ ಕಷ್ಟ ಎಂದು ಲೆಕ್ಕ ಹಾಕಿ, ದ್ವಾದಶಿಯನ್ನು ಆರಿಸಿದ. ಹಿಂದಿನ ದಿನ ಮತ್ತೊಂದು ಸ್ಕ್ಯಾನ್ ಇರುತ್ತದೆ, ಅದಕ್ಕೆ ಬಣ್ಣದ ಔಷಧ ಕೊಡುತ್ತಾರೆ, ಅದಕ್ಕೆ ಅಷ್ಟು ನೀರು ಕುಡಿಯಬೇಕಾಗುತ್ತದೆ ಎನ್ನುವುದು ಆವಾಗ ಅವರಾರಿಗೂ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಯಾರೂ ಬಾಯಿ ಬಿಡಲಿಲ್ಲ.

ಬೆಳಗಾವಿಯಲ್ಲಿ ಉಳಿದುಕೊಂಡದ್ದು ಸಾವಿತ್ರೀಬಾಯಿಯ ತಂಗಿಯ ಮಗಳು ಮೃಣಾಲಿನಿಯ ಮನೆಯಲ್ಲಿ. ಅವಳು ಉಪವಾಸದವರಿಗೆಂದು ಖಿಚಡಿ ಮಾಡಿಟ್ಟು ಆಫೀಸಿಗೆ ಹೋಗಿದ್ದಳು. ಧೀರೇಂದ್ರ ಒಂದು ತಾಟು ತಿಂದು, ಪೇಪರ್ ಹಿಡಿದು ವರಾಂಡದಲ್ಲಿ ಕೂತ. ಒಳಕೋಣೆಯಲ್ಲಿ ರಂಜನಾ ಮೊದಲನೆಯ ಗ್ಲಾಸು ತಂದು ಅತ್ತೆಯ ಮುಂದೆ ಹಿಡಿದಳು.

“ಇಡು ಅಲ್ಲೆ,” ಎಂದರು ಸಾವಿತ್ರೀಬಾಯಿ.

“ಇಡೂದಲ್ರಿ ಅತ್ಯಾರ, ಕುಡೀಬೇಕು. ಇವತ್ತೊಂದಿನ. ಔಷಧ ಅಂತ ತಿಳೀರಿ.”

“ನಾಳೆ ಈ ಹೊತ್ತಿಗೆ ನಾ ಇರ್ತೇನೋ ಇಲ್ಲೋ. ಐವತ್ತೊಂದು ವರ್ಷ ನಡಿಸಿದ್ದು, ಹೋಗೂ ಹಿಂದಿನ ದಿನ ಕೆಡಿಸ್ಕೊಂಡು ಹೋಗಲಿ?”

“ಹೋಗಬಾರದು ಅಂತನಽ ಕುಡೀರಿ ಅನ್ಲಿಕ್ಕೆ ಹತ್ತೇನಿ.”

“ಮಾತು ಕಲ್ತೀ ನೀನು.” ಸಾವಿತ್ರೀಬಾಯಿ ನಕ್ಕರು. ಒಣಗಿದ ತುಟಿ ನಗುವಾಗ ಬಿರಿಯಿತು. ಆಮೇಲೆ ಸೊಸೆಯ ಮುಂಗೈ ಹಿಡಿದುಕೊಂಡರು. “ರಂಜನಾ, ನಾ ನಿನಗ ಇಷ್ಟು ವರ್ಷದಾಗ ಏನರ ಕೇಳೇನೇನು?”

ಕೇಳಿರಲಿಲ್ಲ. ಕೊಟ್ಟದ್ದು ಮಾತ್ರ ರಂಜನಾಗೆ ನೆನಪಿತ್ತು. ಮದುವೆಯಾದ ಹೊಸತು. ಬಸುರಾಗಿ ಎರಡು ತಿಂಗಳಾಗಿದ್ದರೂ ಇನ್ನೂ ಯಾರಿಗೂ ಹೇಳಿರಲಿಲ್ಲ. ಏಕಾದಶಿಯ ಮಧ್ಯಾಹ್ನ ಜ್ವರ ಬಂದು ಕಣ್ಣು ಕತ್ತಲೆಗೂಡುತ್ತಿತ್ತು. ಮಾವನವರು ಪಡಸಾಲೆಯಲ್ಲಿ ಜಪಕ್ಕೆ ಕೂತಿದ್ದರು. ಮನೆಯ ಹೆಂಗಸರು ನೀರು ಮುಟ್ಟಿದರೆಂದರೆ ಮೂರು ದಿನ ಮಾತು ಬಿಡುವ ಮನುಷ್ಯ. ಆಗ ಅತ್ತೆ ಅವಳನ್ನು ಸಾಮಾನಿನ ಕೋಣೆಗೆ ಕರೆದುಕೊಂಡು ಹೋಗಿ, ಬಾಗಿಲು ಹಾಕಿ, ಒಂದು ತಂಬಿಗೆ ನೀರು ಕುಡಿಸಿ, ತನ್ನ ಸೆರಗಿನಿಂದ ಅವಳ ಬಾಯಿ ಒರೆಸಿದ್ದರು. ಹೊರಗೆ ಬಂದು ಗಂಡನಿಗೆ, “ಅಕಿನೂ ನಿರ್ಜಲನಽ ಇದ್ದಾಳ,” ಎಂದಿದ್ದರು. ಮೂವತ್ತು ವರ್ಷವಾದರೂ ಒಂದು ದಿನ ಆ ಮಾತು ಎತ್ತಿರಲಿಲ್ಲ. ಈಗಲೂ ಎತ್ತಲಿಲ್ಲ. ಎತ್ತಿದ್ದರೆ ರಂಜನಾ ಜಗಳಾಡಬಹುದಿತ್ತು.

ಅವಳು ಗ್ಲಾಸನ್ನು ಒಯ್ದು ಬಚ್ಚಲಿಗೆ ಸುರಿದಳು. ಮೊದಲನೆಯ ಚೌಕಕ್ಕೆ ಗುರುತು ಹಾಕಿದಳು.

ಹೀಗೆ ಹನ್ನೆರಡು ಸಲ ಆಯಿತು. ಪ್ರತಿ ಸಲವೂ ತುಂಬಿದ ಗ್ಲಾಸು ಹಿಡಿದು ವರಾಂಡದ ಬಾಗಿಲ ಮುಂದಿನಿಂದ ಬಚ್ಚಲಿಗೆ ಹಾದು ಹೋಗಿ, ಖಾಲಿ ಗ್ಲಾಸು ಹಿಡಿದು ಮರಳುತ್ತಿದ್ದಳು. ಎಂಟನೆಯದಕ್ಕೆ ಮತ್ತೊಮ್ಮೆ ಬೇಡಿಕೊಂಡು ನೋಡಿದಳು. “ಅರ್ಧ ಆದ್ರೂ ಕುಡೀರಿ.” ಸಾವಿತ್ರೀಬಾಯಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ನಿದ್ದೆ ಬಂದಿರಲಿಲ್ಲ, ತುಟಿ ಅಲುಗುತ್ತಿದ್ದವು.

ಮರುದಿನ ಬೆಳಿಗ್ಗೆ ಆರಕ್ಕೆ ಆಸ್ಪತ್ರೆಗೆ ಭರ್ತಿ. ಆಪರೇಶನ್ ಇರುವುದರಿಂದ ಈಗ ಡಾಕ್ಟರೇ ನೀರು ಬೇಡವೆಂದಿದ್ದರು. ಪಾರಣೆಯ ಹೊತ್ತಿಗೆ ರಂಜನಾ ಒಂದು ತುಳಸೀದಳ ಒದ್ದೆ ಮಾಡಿ ಅತ್ತೆಯ ನಾಲಗೆಯ ಮೇಲಿಟ್ಟಳು. ಆ ನಾಲಗೆ ಸೌದೆಯ ಸಿಪ್ಪೆಯ ಹಾಗೆ ಒಣಗಿತ್ತು. ನರ್ಸ್ ಬಂದು ಕೈಗೆ ಸಲಾಯಿನ್ ಹಚ್ಚಿದಳು. ಹೊಟ್ಟೆಯಿಂದ ಹೋಗದ ನೀರು ಈಗ ರಕ್ತದಲ್ಲೇ ಹೋಗುತ್ತದೆ, ಎರಡೂ ಒಂದೇ ಎಂದು ರಂಜನಾ ಮನಸ್ಸಿಗೆ ಹೇಳಿಕೊಂಡಳು.

ಎಂಟಕ್ಕೆ ಸ್ವಲ್ಪ ಮೊದಲು ಡಾಕ್ಟರ್ ಸುಧೀರ ಬಂದರು. ಕೈಯಲ್ಲಿ ಬೆಳಗಿನ ರಕ್ತದ ರಿಪೋರ್ಟು.

“ಕ್ರಿಯಾಟಿನಿನ್ ಒಂಚೂರು ಏರೇತಿ,” ಎಂದರು. “ಅಂದ್ರ ಕಿಡ್ನಿಗೆ ಸ್ವಲ್ಪ ತ್ರಾಸ ಆಗೇತಿ. ಭಾಳ ಅಲ್ಲ. ನಿನ್ನೆ ನೀರು ಬರೋಬರಿ ಕುಡದಾರಲ್ರಿ?”

ರಂಜನಾ ಕಾಗದ ಕೊಟ್ಟಳು. ಅವರು ನೋಡಿದರು. ನೋಡಿ, ಮತ್ತೆ ಅವಳನ್ನೇ ನೋಡಿದರು.

“ಕುಡದಿಲ್ಲಂದ್ರ ಈಗಽ ಹೇಳ್ರೆವಾ, ಏನೂ ತೊಂದ್ರಿ ಇಲ್ಲ. ನಾಕೈದು ದಿನ ಮುಂದ ಹಾಕೋಣ, ಕಿಡ್ನಿ ತೊಳಕೊಂಡು ಛಲೋ ಆಗ್ಲಿ, ಆಮ್ಯಾಲ ಮಾಡೋಣ. ಗಡ್ಡಿ ನಾಕು ದಿನದಾಗ ಎಲ್ಲೂ ಓಡಿ ಹೋಗೂದಿಲ್ಲ.”

ಧೀರೇಂದ್ರ ಹಾಸಿಗೆಯ ಕಾಲಬದಿಗೆ ನಿಂತು ಚಾದರದ ಅಂಚು ಮಡಚುತ್ತಿದ್ದ. ಸಾವಿತ್ರೀಬಾಯಿ ಸೊಸೆಯನ್ನು ನೋಡುತ್ತಿದ್ದರು. ಬೇಡಿಕೊಳ್ಳುವ ನೋಟವಲ್ಲ ಅದು. ತನ್ನ ಮಾತು ಉಳಿಯುತ್ತದೆ ಎಂದು ನಂಬಿದವರ ನೋಟ.

“ಹನ್ನೆರಡೂ ಆಗ್ಯಾವ್ರಿ,” ಎಂದಳು ರಂಜನಾ.

“ಹಂಗಿದ್ರ ಸರಿ,” ಎಂದು ಡಾಕ್ಟರು ಹೋದರು.

ಆಪರೇಶನ್ ಮೂರು ತಾಸು ನಡೆಯಿತು. ಹೊರಗೆ ಬಂದ ಡಾಕ್ಟರರ ಮುಖದಲ್ಲಿ ಬೆವರೂ ಇರಲಿಲ್ಲ, ದಣಿವೂ ಇರಲಿಲ್ಲ. ಗಡ್ಡೆ ಪೂರ್ತಿ ಬಂದಿದೆ, ರಕ್ತ ಹೋಗಿಲ್ಲ, ಹೊಟ್ಟೆಯ ಮೇಲೆ ಐದು ಸಣ್ಣ ತೂತು ಬಿಟ್ಟರೆ ಗಾಯವಿಲ್ಲ ಎಂದರು. “ಚಿಮುಟ ಹಾಕಿ ತಗಿಯೂದರಾಗ ಹದಿನೆಂಟು ನಿಮಿಷ. ನಾ ಮಾಡಿದ್ದರಾಗ ಛಲೋ ಆಗಿದ್ದು ಇದು.” ಧೀರೇಂದ್ರ ಅವರ ಎರಡೂ ಕೈ ಹಿಡಿದುಕೊಂಡು ಬಿಡಲೇ ಇಲ್ಲ.

ಮಧ್ಯಾಹ್ನ ಸಾವಿತ್ರೀಬಾಯಿಗೆ ಎಚ್ಚರವಾಯಿತು. ಮಂಚದ ಕೆಳಗೆ ಮೂತ್ರದ ಚೀಲ ತೂಗುಹಾಕಿದ್ದರು. ರಂಜನಾ ಬಗ್ಗಿ ನೋಡಿದಳು. ತಳದಲ್ಲಿ ಕಷಾಯದ ಬಣ್ಣದ ಎರಡು ಚಮಚೆಯಷ್ಟು. ಸಂಜೆಗೂ ಅಷ್ಟೇ. ಸಲಾಯಿನ್ ಮೇಲಿಂದ ಇಳಿಯುತ್ತಲೇ ಇತ್ತು, ಕೆಳಗೆ ಬರುತ್ತಿರಲಿಲ್ಲ. ಎರಡನೆಯ ದಿನ ಕಾಲು ಊದಿದವು, ಮೂರನೆಯ ದಿನ ಮುಖ. ನಾಲ್ಕನೆಯ ದಿನ ಉಸಿರು ಮೇಲೆ ಕೆಳಗೆ ಆಗತೊಡಗಿದಾಗ ಕುತ್ತಿಗೆಯ ಬದಿಗೆ ನಳಿಗೆ ಹಾಕಿ ಡಯಾಲಿಸಿಸ್ ಮಾಡಿದರು.

“ಒಮ್ಮೊಮ್ಮೆ ಕಿಡ್ನಿ ನಿದ್ದಿ ಹೋಗತೈತ್ರಿ,” ಎಂದರು ಡಾಕ್ಟರು. “ವಾರಕ್ಕ ಎಚ್ಚರಾಗತೈತಿ, ತಿಂಗಳಿಗೂ ಆಗತೈತಿ. ಮೂರು ತಿಂಗಳತನಕ ದಾರಿ ನೋಡೋಣ.”

ಬಿಡುಗಡೆಯ ದಿನ ಕಾಗದಪತ್ರಕ್ಕೆ ಸಹಿ ಹಾಕಿಸಲು ರಂಜನಾ ಅವರ ಕೋಣೆಗೆ ಹೋದಾಗ, ಡಾಕ್ಟರು ಕಂಪ್ಯೂಟರಿನಲ್ಲಿ ಏನನ್ನೋ ನೋಡುತ್ತಿದ್ದರು. ಕೆಂಪು ಕೋಣೆಯಂಥದೊಂದರಲ್ಲಿ ಸಣ್ಣ ಉಕ್ಕಿನ ಬೆರಳುಗಳು ಸೂಜಿ ಹಿಡಿದು ಹೊಲಿಯುತ್ತಿದ್ದವು. ಅವಸರವಿಲ್ಲದ, ಒಂದಿಷ್ಟೂ ನಡುಗದ ಹೊಲಿಗೆ.

“ನಿಮ್ಮ ಅತ್ತಿಯವರದಽ ಇದು,” ಎಂದರು ಅವರು, ಕಣ್ಣು ತೆಗೆಯದೆ. “ನಾಕನೇ ಸಲ ನೋಡಾಕತ್ತೇನಿ. ಎಲ್ಲೋ ನನ್ನ ಕೈಯಾಗ ತಪ್ಪಾಗಿರಬೇಕು. ಎಲ್ಲಿ ಅಂತ ಸಿಗವಲ್ದು.”

ರಂಜನಾ ಬಾಯಿ ತೆರೆದಳು. ಹೊರಗೆ ಗಾಲಿಕುರ್ಚಿಯಲ್ಲಿ ಕೂತಿದ್ದ ಅತ್ತೆಯ ಊದಿದ ಕಾಲು ಬಾಗಿಲಿನ ಸಂದಿಯಲ್ಲಿ ಕಾಣುತ್ತಿದ್ದವು. ಅವಳು ಸಹಿಯಾದ ಕಾಗದ ಎತ್ತಿಕೊಂಡು, “ಬರ್ತೇನ್ರಿ,” ಎಂದು ಹೊರಬಂದಳು.

ಊರಿಗೆ ಬಂದ ಮೇಲೆ ವಾರಕ್ಕೆ ಮೂರು ಸಲ ಇಂಡಿಯ ತಾಲೂಕು ಆಸ್ಪತ್ರೆಯಲ್ಲಿ ಡಯಾಲಿಸಿಸ್. ಒಮ್ಮೆ ಮಲಗಿದರೆ ನಾಲ್ಕು ತಾಸು. ನೀರಿನ ಅಳತೆ ಈಗ ತಿರುವು ಮುರುವಾಗಿತ್ತು: ಚಹಾ, ಸಾರು, ಮಜ್ಜಿಗೆ ಎಲ್ಲ ಸೇರಿ ದಿನಕ್ಕೆ ಏಳುನೂರು ಮಿಲಿಲೀಟರಿನ ಮೇಲೆ ಹನಿ ಬೀಳಬಾರದು. ಬಿದ್ದರೆ ಅದು ಮೈಯಲ್ಲೇ ನಿಂತು ಶ್ವಾಸಕೋಶಕ್ಕೆ ಏರುತ್ತದೆ. ಸಾವಿತ್ರೀಬಾಯಿ ಮಧ್ಯಾಹ್ನ ಎರಡರೊಳಗೆ ತಮ್ಮ ಪಾಲು ಮುಗಿಸಿ, ಸಂಜೆ ಸೊಸೆಯನ್ನು ಕರೆಯುತ್ತಿದ್ದರು.

“ಒಂದು ಗುಟುಕು ಕೊಡು.”

“ಆಗ್ಯದ್ರಿ ಅತ್ಯಾರ ಇವತ್ತಿಂದು.”

“ಬಾಯಿ ಒದ್ದಿ ಮಾಡ್ಕೊಂಡು ಉಗುಳ್ತೇನಿ.”

“ನಿನ್ನೆನೂ ಹಂಗಽ ಅಂದು ನುಂಗಿದ್ರಿ.”

ಐವತ್ತೊಂದು ವರ್ಷ ನೀರಡಿಕೆಯನ್ನು ಗೆದ್ದವರು ಈಗ ಮಗುವಿನ ಹಾಗೆ ಅಳುತ್ತಿದ್ದರು. ಒಂದು ಮಧ್ಯಾಹ್ನ ದೇವರ ಮುಂದಿನ ತೀರ್ಥದ ಬಟ್ಟಲು ಬರಿದಾಗಿದ್ದುದನ್ನು ರಂಜನಾ ಕಂಡಳು. ಯಾರಿಗೂ ಹೇಳಲಿಲ್ಲ. ಈ ಮನೆಯಲ್ಲಿ ಹೇಳದೆ ಬಿಟ್ಟ ಮಾತುಗಳು ಒಂದರ ಮೇಲೊಂದು ಕೂಡುತ್ತಿದ್ದವು.

ಡಯಾಲಿಸಿಸ್ ಕೋಣೆಯಲ್ಲಿ ಪಕ್ಕದ ಹಾಸಿಗೆ ರಾಜಬಿಯದು. ಸಿಂದಗಿ ತಾಲೂಕಿನ ದೇವಣಗಾಂವದವಳು, ಇಂಡಿಯಲ್ಲಿ ಮಗಳ ಮನೆ ಇರುವುದರಿಂದ ಇಲ್ಲೇ ಉಳಿದುಕೊಂಡಿದ್ದಳು. ಎರಡು ವರ್ಷದಿಂದ ಯಂತ್ರದ ಮೇಲಿದ್ದಳು. ನಾಲಗೆ ಮಾತ್ರ ಚುರುಕು.

“ಬಾಯಾರ, ಇವತ್ತ ಎಷ್ಟ ಏರೀರಿ?” ಎಂದು ನೀರು ನಿಂತು ಏರಿದ ತೂಕ ಕೇಳುವುದೇ ಅವಳ ನಮಸ್ಕಾರ.

“ಎರಡೂವರಿ ಕಿಲೋ.”

“ನಾ ಮೂರು. ಕಲ್ಲಂಗಡಿ ತಿಂದೇನಿ. ಈಗ ನೋಡ್ರಿ, ಆ ಟೆಕ್ನೀಷಿಯನ್ ನಮ್ಮ ಅತ್ತಿಗಿಂತ ಜೋರ ಬೈತಾನ.”

ಮೂರು ತಿಂಗಳು ತುಂಬುವ ವಾರ ರಮಜಾನ್ ಬಂತು. ಅಂದು ರಾಜಬಿ ಮಲಗಿದಲ್ಲಿಂದಲೇ ನಿಟ್ಟುಸಿರುಬಿಟ್ಟಳು.

“ಈ ಸಲಾನೂ ನನಗ ರೋಜಾ ಇಲ್ರಿ ಬಾಯಾರ. ಮೊದಲ್ನೇ ವರ್ಷ ಭಾಳ ಅತ್ತಿದ್ದೆ. ನಮ್ಮ ಯಜಮಾನ್ರು ತಿಳಿಸಿ ಹೇಳಿದ್ರು, ಜಡ್ಡಾದವರಿಗೆ ಮಾಫಿ ಐತಿ, ಒಂದ ರೋಜಾಕ್ಕ ಒಬ್ಬ ಬಡವಗ ಊಟ ಹಾಕಿದ್ರ ಮುಗೀತು ಅಂತ. ನಿಮ್ಮೊಳಗ ಹಂಗಿಲ್ಲೇನ್ರಿ?”

ರಂಜನಾ ಅತ್ತೆಯ ಪಾದ ಒತ್ತುತ್ತ ಕೂತಿದ್ದಳು. ಕೈ ನಿಂತಿತು.

“ಅದ,” ಎಂದರು ಸಾವಿತ್ರೀಬಾಯಿ. “ಜಡ್ಡಿನವರಿಗೆ, ಮುದುಕರಿಗೆ, ಕೂಸುಗಳಿಗೆ, ಎಲ್ಲಾರಿಗೂ ಅದ.”

“ಮತ್ತ?”

“ಮತ್ತೇನು. ನಾ ತಗೊಳ್ಳಲಿಲ್ಲ.” ಅವರು ಯಂತ್ರದ ಕಡೆ ತಿರುಗಿದರು. “ಹೆಮ್ಮಿ ಇತ್ತು, ರಾಜಬಿ. ಯಾರ ಕಡಿಂದನೂ ಆಗದ್ದು ನನ್ನ ಕಡಿಂದ ಆಗ್ತದಂತ. ಅದಕ್ಕ ನಾ ದೇವರ ಹೆಸರು ಇಟ್ಟಿದ್ದೆ.”

ರಾಜಬಿ ಸೂಜಿ ಚುಚ್ಚಿರದ ಕೈ ಚಾಚಿ ಪಕ್ಕದ ಮಂಚದ ಕಬ್ಬಿಣ ಹಿಡಿದುಕೊಂಡಳು.

ರಂಜನಾ ಎದ್ದು ಆಸ್ಪತ್ರೆಯ ಹಿಂದಿನ ಬೇವಿನ ಗಿಡದ ಕೆಳಗೆ ಹೋಗಿ ಬೆಳಗಾವಿಗೆ ಫೋನು ಹಚ್ಚಿದಳು. ಡಾಕ್ಟರ್ ಸುಧೀರ ಎತ್ತಿದಾಗ, ಯಾವ ಪೀಠಿಕೆಯೂ ಇಲ್ಲದೆ ಹೇಳಿದಳು. ಅವತ್ತು ಏಕಾದಶಿ ಇತ್ತು, ಅತ್ತೆ ಒಂದು ಹನಿ ಕುಡಿದಿರಲಿಲ್ಲ, ಹನ್ನೆರಡೂ ಗ್ಲಾಸು ಬಚ್ಚಲಿಗೆ ಸುರಿದವಳು ನಾನೇ, ಗುರುತು ಹಾಕಿದವಳೂ ನಾನೇ. ನಿಮ್ಮ ಕೈಯಲ್ಲಿ ತಪ್ಪಾಗಿಲ್ಲ.

ಆ ಕಡೆ ಡಾಕ್ಟರು ಕುರ್ಚಿ ಸರಿಸಿದ ಸದ್ದು ಕೇಳಿತು.

“ಅವತ್ತ ಮುಂಜಾನಿ ನಾ ಕೇಳಿದ್ನಲ್ರೆವಾ,” ಎಂದರು ಅವರು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು. “ನಾಕು ದಿನದ ಮಾತಿತ್ತು.”

“ಹೌದ್ರಿ.”

“ಮೂರು ತಿಂಗಳಾತು. ಇನ್ನ ಎಚ್ಚರಾಗೂದಿಲ್ರಿ ಅದು. ಕೈಗೆ ಫಿಸ್ಟುಲಾ ಮಾಡಿಸಿಬಿಡ್ರಿ.” ಎಂದರೆ ಕೈಯ ಎರಡು ರಕ್ತನಾಳ ಸೇರಿಸಿ ಹೊಲಿದು, ಮುಂದೆ ಬದುಕಿರುವತನಕ ಅಲ್ಲಿಂದಲೇ ಯಂತ್ರಕ್ಕೆ ಜೋಡಿಸುವುದು.

ಶಾಲೆ ಬಿಟ್ಟು ಧೀರೇಂದ್ರ ಬಂದಾಗ ಅವಳು ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಅವನು ಬದಿಗೆ ಕೂತು ಚೀಲ ತೊಡೆಯ ಮೇಲಿಟ್ಟುಕೊಂಡ. ಅವಳು ಡಾಕ್ಟರಿಗೆ ಹೇಳಿದ ಕ್ರಮದಲ್ಲೇ ಅವನಿಗೂ ಹೇಳಿದಳು. ಅವನು ಹೊಡೆಯಬಹುದು, ಎದ್ದು ಹೋಗಬಹುದು, ಮಾತೇ ಬಿಡಬಹುದು ಎಂದು ಎಲ್ಲಕ್ಕೂ ಮೈ ಗಟ್ಟಿ ಮಾಡಿಕೊಂಡಿದ್ದಳು.

“ನನಗ ಗೊತ್ತಿತ್ತು,” ಎಂದ ಧೀರೇಂದ್ರ.

ಅವಳು ತಿರುಗಿ ನೋಡಿದಳು.

“ತಿಥಿ ನೋಡಿ ದಿನಾ ಹಿಡಿದಾಂವ ನಾನಽ. ಆಯಿ ಕುಡಿಯೂದಿಲ್ಲಂತ ನನಗ ಗೊತ್ತಿಲ್ದಽ ಇರ್ತದೇನು? ನೀ ಹನ್ನೆರಡು ಸಲ ನನ್ನ ಮುಂದ ಗ್ಲಾಸ ಹಿಡಕೊಂಡು ಅಡ್ಡಾಡಿದಿ. ನಾ ಪೇಪರಿನಿಂದ ತಲಿ ಎತ್ತಲಿಲ್ಲ.” ಚೀಲದ ಪಟ್ಟಿ ಸುತ್ತಿ ಸುತ್ತಿ ಅವನ ಬೆರಳು ಬೆಳ್ಳಗಾಗಿದ್ದವು. “ಕೇಳಿದ್ರ ನೀ ಹೇಳ್ತಿದ್ದಿ. ಹೇಳಿದ್ರ ನಾ ಒಳಗ ಬಂದು ಆಯಿಗೆ ಕುಡಿ ಅನಬೇಕಾಗ್ತಿತ್ತು. ಅಕಿಗೆ ಅದನ್ನ ಅನ್ನೂ ಧೈರ್ಯ ನನಗ ಹುಟ್ಟಿದಾಗಿಂದ ಇಲ್ಲ.”

“ಡಾಕ್ಟರು ಕೇಳೂಮುಂದ ನೀವು ಅಲ್ಲೇ ನಿಂತಿದ್ರಿ.”

“ಹೂಂ. ನಿಂತಿದ್ದೆ.”

ಒಳಗಿನಿಂದ ಯಾರದೋ ಯಂತ್ರ ಕೂಗಿ ನಿಂತಿತು. ಧೀರೇಂದ್ರ ದನಿ ಇಳಿಸಿದ.

“ಆಯಿಗೆ ಮಾತ್ರ ಹೇಳಬ್ಯಾಡ, ನನಗ ಗೊತ್ತಿತ್ತಂತ. ಮಗನ ಮ್ಯಾಲಿನ ನಂಬಿಗಿ ಒಂದರ ಇರ್ಲಿ.”

ರಂಜನಾ ಎದ್ದು ನಿಂತಳು. ಮೂವತ್ತು ವರ್ಷದಲ್ಲಿ ಅವನ ಮಾತಿಗೆ ಅವಳು ಹೀಗೆ ನಿಂತು ಉತ್ತರ ಕೊಟ್ಟದ್ದು ಇರಲಿಲ್ಲ.

“ಇನ್ನೊಂದು ಮುಚ್ಚಿಟ್ಕೊಳ್ಳೂದು ನನ್ನ ಕಡಿಂದ ಆಗೂದಿಲ್ರಿ,” ಎಂದಳು. “ನಾ ಹೇಳೂದಿಲ್ಲ. ನೀವಽ ಹೇಳ್ರಿ. ಕಿಡ್ನಿ ಇನ್ನ ಬರೂದಿಲ್ಲ ಅಂತನೂ ನೀವಽ ಹೇಳಬೇಕು.”

ಟೆಕ್ನೀಷಿಯನ್ ಬಾಗಿಲಿಗೆ ಬಂದು, “ಸಾವಿತ್ರೀಬಾಯಿಯವರದು ಮುಗೀತ್ರಿ,” ಎಂದು ಕರೆದ. ಧೀರೇಂದ್ರ ಏಳಲಿಲ್ಲ. ರಂಜನಾ ಒಬ್ಬಳೇ ಒಳಗೆ ಹೋದಳು.

ಸಾವಿತ್ರೀಬಾಯಿ ಸೋತು ಮಲಗಿದ್ದರು. ಕುತ್ತಿಗೆಯ ನಳಿಗೆಗೆ ಹೊಸ ಪಟ್ಟಿ ಅಂಟಿಸಿದ್ದರು. ಸೊಸೆಯನ್ನು ಕಂಡು, “ಧೀರೂ ಬಂದಿಲ್ಲೇನು?” ಎಂದರು.

“ಬಂದಾರ್ರಿ. ಹೊರಗ ಕೂತಾರ.”

“ಯಾಕ?”

“ನಿಮಗ ಏನೋ ಹೇಳೂದದ ಅವರಿಗೆ.”

ಸಾವಿತ್ರೀಬಾಯಿ ಅವಳ ಮುಖವನ್ನು ಒಂದಿಷ್ಟು ಹೊತ್ತು ನೋಡಿದರು. ಮತ್ತೆ ಕೇಳಲಿಲ್ಲ. ರಂಜನಾ ಸ್ಟೂಲು ಎಳೆದುಕೊಂಡು ಕೂತಳು. ರಾಜಬಿಯದು ಇನ್ನೂ ಅರ್ಧ ತಾಸು ಇತ್ತು. ಅವಳು ಕಣ್ಣು ಮುಚ್ಚಿಕೊಂಡು ಎಚ್ಚರವಾಗಿದ್ದಳು. ಬಾಗಿಲಿನ ಕೆಳಗಿನ ಸಂದಿಯಲ್ಲಿ ಒಂದು ಜೊತೆ ಚಪ್ಪಲಿಯ ನೆರಳು ಬಂದು ನಿಂತಿತು, ಒಳಗೆ ಬರಲಿಲ್ಲ, ಹೋಗಲೂ ಇಲ್ಲ.

“ಬಾರೋ,” ಎಂದರು ಸಾವಿತ್ರೀಬಾಯಿ, ಬಾಗಿಲಿಗೆ ಕೇಳುವಷ್ಟೂ ಬಲವಿಲ್ಲದ ದನಿಯಲ್ಲಿ.